ಮನೆ ಮೇಲಿನ ಸೋಲಾರ್ ಕರೆಂಟನ್ನು ಎಸ್ಕಾಂಗೆ ಮಾರುವುದು: ಅರ್ಜಿಯಿಂದ ಮೊದಲ ಬಿಲ್‌ವರೆಗೆ, ಎಡವುವ ಜಾಗಗಳ ಸಮೇತ

"ಪ್ಯಾನೆಲ್ ಹಾಕಿಸಿ ನಾಲ್ಕು ತಿಂಗಳಾಯಿತು, ಬಿಲ್ ಮೊದಲಿಗಿಂತ ಜಾಸ್ತಿ ಬರ್ತಿದೆ." "ಸಬ್ಸಿಡಿ ಇನ್ನೂ ಬಂದಿಲ್ಲ." "ಕರೆಂಟ್ ಹೋದರೆ ನಮ್ಮ ಸೋಲಾರೂ ಆಫ್ ಆಗುತ್ತೆ, ಮೋಸ ಹೋದೆವಾ?" ಸೋಲಾರ್ ಹಾಕಿಸಿದವರದ್ದು ಸುತ್ತಿ ಸುತ್ತಿ ಇದೇ ಮೂರು ಪ್ರಶ್ನೆ. ಇವರಲ್ಲಿ ಹೆಚ್ಚಿನವರು ಮಾಡಿದ ಕೆಲಸ ಸರಿಯಾಗಿಯೇ ಇರುತ್ತದೆ, ಮಾಡಿದ ಕ್ರಮ ಹಿಂದುಮುಂದಾಗಿರುತ್ತದೆ. ಮೊದಲು ಮಾಡಬೇಕಾದ್ದನ್ನು ಕೊನೆಗೆ ಮಾಡಿ, ಕೊನೆಗೆ ಹಾಕಬೇಕಾದ ಸ್ವಿಚ್ಚನ್ನು ಮೊದಲೇ ಹಾಕಿರುತ್ತಾರೆ.

ಇಲ್ಲಿರುವುದೆಲ್ಲ ಕರ್ನಾಟಕದ ಮನೆಗಳಿಗೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರು ಕಡೆಯ ಸೆಸ್ಕ್, ಈ ಐದು ವಿದ್ಯುತ್ ಕಂಪನಿಗಳಿಗೂ (ಇವೇ ಎಸ್ಕಾಂಗಳು) ದರ ಕಟ್ಟುವುದು ಕೆಇಆರ್‌ಸಿ, ಅಂದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಹಾಗಾಗಿ ಹಂತಗಳು ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ. ಪುಣೆ, ಮುಂಬೈನಲ್ಲಿರುವವರು ಇಲ್ಲಿನ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. ಅಲ್ಲಿ ಮಿಕ್ಕ ಯೂನಿಟ್ ಮುಂದಿನ ತಿಂಗಳಿಗೆ ಹೋಗಿ, ವರ್ಷದ ಕೊನೆಗೆ ಇತ್ಯರ್ಥ ಆಗುತ್ತದೆ. ನಮ್ಮಲ್ಲಿ ತಿಂಗಳ ಲೆಕ್ಕ ತಿಂಗಳಿಗೇ.

ಕೈಯಲ್ಲಿ ಏನೇನು ಇರಬೇಕು

ಹಿಂದಿನ 12 ತಿಂಗಳ ಕರೆಂಟ್ ಬಿಲ್, ಆಧಾರ್, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯ ಪಾಸ್‌ಬುಕ್, ಮನೆಯ ಖಾತಾ ಅಥವಾ ತೆರಿಗೆ ರಸೀದಿ. ಜೊತೆಗೆ ಒಂದು ಅಳತೆ ಟೇಪು, ದಿಕ್ಕು ನೋಡಲು ಫೋನು, ಒಂದು ನೋಟ್‌ಬುಕ್. ನೋಟ್‌ಬುಕ್ ಯಾಕೆ ಅಂತ ಕೊನೆಯಲ್ಲಿ ಗೊತ್ತಾಗುತ್ತದೆ.

ಹಂತ 1: ಮೊದಲು ಬಿಲ್‌ನಲ್ಲಿರುವ ಹೆಸರು ನೋಡಿ

ಬಿಲ್ ತೆಗೆದು ನೋಡಿ. ಮೀಟರ್ ತೀರಿಹೋದ ತಾತನ ಹೆಸರಲ್ಲಿ ಇದೆಯಾ? ಮನೆ ಮಾರಿದವರ ಹೆಸರಲ್ಲಿ? ಹಾಗಿದ್ದರೆ ಸೋಲಾರ್ ಮಾತು ಪಕ್ಕಕ್ಕಿಡಿ, ಮೊದಲು ಎಸ್ಕಾಂನ ಉಪವಿಭಾಗದ ಕಚೇರಿಗೆ ಹೋಗಿ ಹೆಸರು ಬದಲಾವಣೆಗೆ ಅರ್ಜಿ ಕೊಡಿ. ಬಿಲ್, ಆಧಾರ್, ಬ್ಯಾಂಕ್ ಖಾತೆ, ಈ ಮೂರರಲ್ಲೂ ಒಂದೇ ಹೆಸರು ಇರಬೇಕು. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ ಅಂತಿದ್ದರೂ ಸಬ್ಸಿಡಿ ಹೊತ್ತಿಗೆ ತಲೆನೋವು. ಪ್ಯಾನೆಲ್ ಏರಿದ ಮೇಲೆ ಇದನ್ನು ಸರಿಪಡಿಸಲು ಹೊರಟರೆ ಅಷ್ಟೂ ದಿನ ನಿಮ್ಮ ದುಡ್ಡು ತಾರಸಿ ಮೇಲೆ ಸುಮ್ನೆ ಬಿಸಿಲು ಕಾಯುತ್ತಿರುತ್ತದೆ.

ಹಳೇ ಬಾಕಿ ಇದ್ದರೆ ಅದನ್ನೂ ಈಗಲೇ ಕಟ್ಟಿಬಿಡಿ.

ಹಂತ 2: ಎಷ್ಟು ಕಿಲೋವ್ಯಾಟ್? ಇಲ್ಲೇ ದುಡ್ಡು ಉಳಿಯುವುದು ಅಥವಾ ಹೋಗುವುದು

ಇದನ್ನು ಸ್ವಲ್ಪ ನಿಧಾನವಾಗಿ ಓದಿ. "ದೊಡ್ಡದು ಹಾಕಿಸಿ ಸಾರ್, ಮಿಕ್ಕಿದ್ದನ್ನು ಮಾರಬಹುದು" ಅಂತ ವೆಂಡರ್ ಹೇಳುತ್ತಾರೆ. ಮಾರಬಹುದು, ನಿಜ. ಯಾವ ದರಕ್ಕೆ ಅನ್ನುವುದನ್ನು ಅವರು ಹೇಳುವುದಿಲ್ಲ.

ನೆಟ್ ಮೀಟರಿಂಗ್‌ನಲ್ಲಿ, ಅಂದರೆ ಲೈನಿಗೆ ಕಳಿಸಿದ್ದನ್ನು ಲೈನಿಂದ ತೆಗೆದುಕೊಂಡದ್ದರಲ್ಲಿ ಕಳೆದು ಬಿಲ್ ಮಾಡುವ ಪದ್ಧತಿಯಲ್ಲಿ, ನಿಮ್ಮ ಕರೆಂಟಿಗೆ ಎರಡು ಬೆಲೆ ಇದೆ. ಹಗಲು ನೀವು ಲೈನಿಗೆ ಕಳಿಸಿದ ಯೂನಿಟ್ಟು, ರಾತ್ರಿ ನೀವು ಲೈನಿಂದ ತೆಗೆದುಕೊಂಡ ಯೂನಿಟ್ಟಿಗೆ ವಜಾ ಆದರೆ ಅದರ ಬೆಲೆ ನೀವು ಕಟ್ಟಬೇಕಾಗಿದ್ದ ಪೂರ್ತಿ ದರ. 2025-26ರ ದರಪಟ್ಟಿಯಲ್ಲಿ ಮನೆ ಬಳಕೆಗೆ ಯೂನಿಟ್‌ಗೆ ₹5.80, ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿ ಬಾಬ್ತು 36 ಪೈಸೆ, ಮೇಲೆ ತೆರಿಗೆ ಇತ್ತು. ಅಂದರೆ ವಜಾ ಆದ ಪ್ರತಿ ಯೂನಿಟ್ಟು ಆರು ರೂಪಾಯಿಗೂ ಮೇಲೆ ಉಳಿಸುತ್ತದೆ. ವಜಾ ಆಗಿಯೂ ಮಿಕ್ಕಿದ ಯೂನಿಟ್ಟಿಗೆ ಸಿಗುವುದು ಕೆಇಆರ್‌ಸಿ ನಿಗದಿ ಮಾಡಿದ ಖರೀದಿ ದರ. ಅದು ತೀರಾ ಕಮ್ಮಿ, ಸಬ್ಸಿಡಿ ತೆಗೆದುಕೊಂಡವರಿಗೆ ಇನ್ನೂ ಕಮ್ಮಿ.

ಒಂದು ಮನೆ ಇಟ್ಟುಕೊಂಡು ನೋಡೋಣ. ತಿಂಗಳಿಗೆ 250 ಯೂನಿಟ್ ಬಳಕೆ, 3 ಕಿಲೋವ್ಯಾಟ್ ಪ್ಯಾನೆಲ್. ಒಳ್ಳೆ ಬಿಸಿಲಿನಲ್ಲಿ ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ಟು ಲೆಕ್ಕ ಹಿಡಿದರೆ ತಿಂಗಳಿಗೆ 360. ಅದರಲ್ಲಿ 80 ಹಗಲಲ್ಲೇ ಫ್ರಿಜ್ಜು, ಫ್ಯಾನು, ಮೋಟರಿಗೆ ಖರ್ಚಾಯಿತು, 280 ಲೈನಿಗೆ ಹೋಯಿತು. ರಾತ್ರಿ ಲೈನಿಂದ ತೆಗೆದುಕೊಂಡದ್ದು 170. ಮಿಕ್ಕಿದ್ದು 110. ಮಾರಾಟ ದರ ₹2.50 ಅಂತ ಇಟ್ಟುಕೊಳ್ಳಿ (ನಿಮ್ಮ ನಿಜವಾದ ದರ ನಿಮ್ಮ ಒಪ್ಪಂದದಲ್ಲಿ ಇರುತ್ತದೆ). ಬಂದದ್ದು ₹275. ಆದರೆ ಮಂಜೂರಾದ ಲೋಡಿನ (ಮನೆಗೆ ಎಸ್ಕಾಂ ಒಪ್ಪಿದ ಗರಿಷ್ಠ ಲೋಡ್) ಮೇಲೆ ಫಿಕ್ಸೆಡ್ ಚಾರ್ಜ್, 2025-26ರ ದರದಲ್ಲಿ ಕಿಲೋವ್ಯಾಟ್‌ಗೆ ₹145ರಂತೆ ಮೂರಕ್ಕೆ ₹435 ಇದ್ದೇ ಇದೆ. ಇಷ್ಟೆಲ್ಲ ಮಾರಿಯೂ ಆ ತಿಂಗಳು ₹160 ನೀವೇ ಕಟ್ಟಬೇಕು. ಬೇಜಾರಾಗಬೇಡಿ, ನಿಮ್ಮ 250 ಯೂನಿಟ್ಟಿನ ಬಿಲ್ ಪೂರ್ತಿ ಹೋಗಿದೆ, ಲಾಭ ಅದೇ.

ಈಗ ಇದೇ ಮನೆಗೆ ಇನ್ನೊಂದು ಕಿಲೋವ್ಯಾಟ್ ಸೇರಿಸಿ. ತಿಂಗಳಿಗೆ 120 ಯೂನಿಟ್ಟು ಜಾಸ್ತಿ, ₹300. ಮಂಜೂರಾದ ಲೋಡ್ ಕೂಡ ಒಂದು ಕಿಲೋವ್ಯಾಟ್ ಏರಿದರೆ ₹145 ಫಿಕ್ಸೆಡ್‌ಗೆ ಹೋಗಿ ಉಳಿಯುವುದು ₹155, ವರ್ಷಕ್ಕೆ ₹1,860. ಆ ಒಂದು ಕಿಲೋವ್ಯಾಟ್‌ಗೆ ₹50,000 ಖರ್ಚು ಅಂದುಕೊಂಡರೂ ದುಡ್ಡು ವಾಪಸ್ಸಾಗಲು ಸುಮಾರು 27 ವರ್ಷ. ಒಪ್ಪಂದ ಇರುವುದೇ 25 ವರ್ಷಕ್ಕೆ! ಅದರಲ್ಲಿ ಮಳೆಗಾಲದ ಇಳಿತ ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಹಾಗಾಗಿ 12 ತಿಂಗಳ ಬಿಲ್ ಕೂಡಿಸಿ, ಒಟ್ಟು ಯೂನಿಟ್ಟನ್ನು 1,400ರಿಂದ ಭಾಗಿಸಿ. ಬಂದದ್ದು ನಿಮಗೆ ಬೇಕಾದ ಕಿಲೋವ್ಯಾಟ್. ಮುಂದಿನ ವರ್ಷ ಎಸಿ ಅಥವಾ ಎಲೆಕ್ಟ್ರಿಕ್ ಸ್ಕೂಟರ್ ಬರುವುದು ಖಚಿತವಿದ್ದರೆ ಮಾತ್ರ ಸ್ವಲ್ಪ ಮೇಲೆ ಹೋಗಿ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉತ್ಪಾದನೆ ಪಾತಾಳಕ್ಕೆ ಇಳಿಯುವುದನ್ನು ನೆನಪಿಡಿ. ಏಪ್ರಿಲ್‌ನಲ್ಲಿ ಮಿಕ್ಕಿದ್ದು ಜುಲೈಗೆ ಬರುವುದಿಲ್ಲ.

ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ ಬರುತ್ತಿರುವವರು ಇಲ್ಲೇ ನಿಂತು ಯೋಚಿಸಿ. ಉಳಿಸಲು ಬಿಲ್ಲೇ ಇಲ್ಲದಿದ್ದಾಗ ಲೆಕ್ಕ ಪೂರ್ತಿ ಬೇರೆ. ಸೋಲಾರ್ ಬಂದ ಮೇಲೆ ನಿಮ್ಮ ಬಿಲ್ ಹೇಗೆ ಕಟ್ಟುತ್ತಾರೆ ಅಂತ ಉಪವಿಭಾಗದಲ್ಲಿ ಲಿಖಿತವಾಗಿ ಕೇಳಿ ಉತ್ತರ ಇಟ್ಟುಕೊಂಡೇ ಮುಂದುವರಿಯಿರಿ. ನನ್ನ ಅಭಿಪ್ರಾಯ ಕೇಳಿದರೆ, ತಿಂಗಳಿಗೆ ನೂರು ಯೂನಿಟ್ಟೂ ಸುಡದ ಮನೆಗೆ ಇದು ಬೇಡ.

ಹಂತ 3: ತಾರಸಿಯ ನೆರಳು

ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ, ನಮ್ಮ ರಾಜ್ಯಕ್ಕೆ 12ರಿಂದ 15 ಡಿಗ್ರಿ ಓರೆ ಇದ್ದರೆ ಸಾಕು.

ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4 ಗಂಟೆಗೆ ತಾರಸಿ ಫೋಟೋ ತೆಗೆಯಿರಿ. ನೀರಿನ ಟ್ಯಾಂಕು, ತೆಂಗಿನ ಮರ, ಮೆಟ್ಟಿಲ ಮೇಲಿನ ಕೋಣೆ, ಡಿಶ್ ಆಂಟೆನಾ, ಇವುಗಳ ನೆರಳು ಎಲ್ಲಿ ಬೀಳುತ್ತದೆ ನೋಡಿ. ಸೂರ್ಯ ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ಸರಿದಿರುತ್ತಾನೆ, ಆಗ ನೆರಳು ಉದ್ದ. ಮೇ ತಿಂಗಳಲ್ಲಿ ನೋಡಿ "ನೆರಳೇ ಇಲ್ಲ" ಅಂದುಕೊಂಡವರು ಡಿಸೆಂಬರ್‌ನಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಪ್ಯಾನೆಲ್‌ಗಳನ್ನು ಸರಪಳಿಯಂತೆ ಜೋಡಿಸಿರುವುದರಿಂದ ಒಂದರ ಮೇಲೆ ಬಿದ್ದ ನೆರಳು ಉಳಿದವನ್ನೂ ಎಳೆಯುತ್ತದೆ. ದಕ್ಷಿಣದ ಪಕ್ಕದ ಸೈಟು ಖಾಲಿ ಇದ್ದರೆ ಅಲ್ಲಿ ನಾಳೆ ಮೂರು ಮಹಡಿ ಏಳಬಹುದು, ಅದನ್ನೂ ತಲೆಯಲ್ಲಿಟ್ಟುಕೊಳ್ಳಿ.

ತೋಟದ ಮನೆಯವರಿಗೆ ಒಂದು ಮಾತು. ನಿಮ್ಮ ಮನೆಗೆ ಪಂಪ್‌ಸೆಟ್ ಲೈನಿಂದ ಕರೆಂಟ್ ಬರುತ್ತಿದ್ದು, ಹಗಲು ಅರ್ಧ ಹೊತ್ತು ಲೈನಲ್ಲಿ ಕರೆಂಟೇ ಇರದಿದ್ದರೆ, ಅಷ್ಟು ಹೊತ್ತು ನಿಮ್ಮ ಸೋಲಾರೂ ಮಲಗಿರುತ್ತದೆ. ಲೈನ್ ಸತ್ತಾಗ ಇನ್ವರ್ಟರ್ (ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಮನೆ ಬಳಕೆಯ ಎಸಿ ಮಾಡುವ ಪೆಟ್ಟಿಗೆ) ತಾನೇ ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯುತ್ತದೆ. ಮೇಲಿನ ಮೂರನೇ ಪ್ರಶ್ನೆಗೆ ಉತ್ತರ ಇದೇ, ಮೋಸ ಏನೂ ಆಗಿಲ್ಲ. ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಬೇಕು, ಖರ್ಚು ಬೇರೆ.

ಹಂತ 4: ಪೋರ್ಟಲ್‌ನಲ್ಲಿ ಅರ್ಜಿ

ಅರ್ಜಿ ಹಾಕುವುದು ಪಿಎಂ ಸೂರ್ಯಘರ್ (ಮನೆ ಸೋಲಾರಿಗೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ) ರಾಷ್ಟ್ರೀಯ ಪೋರ್ಟಲ್‌ನಲ್ಲಿ. ವಿಳಾಸದ ಕೊನೆಯಲ್ಲಿ "ಜಿಒವಿ ಡಾಟ್ ಇನ್" ಇದ್ದರೆ ಮಾತ್ರ ನಂಬಿ, ಅದೇ ಬಣ್ಣ ಅದೇ ಲೋಗೋ ಹಾಕಿಕೊಂಡ ನಕಲಿಗಳಿವೆ. ರಾಜ್ಯ, ಎಸ್ಕಾಂ ಆರಿಸಿ, ಬಿಲ್‌ನಲ್ಲಿರುವ ಗ್ರಾಹಕ ಸಂಖ್ಯೆ ಹಾಕಿ. ಇಲ್ಲಿ ಆರ್‌ಆರ್ ನಂಬರಿಗೂ ಅಕೌಂಟ್ ಐಡಿಗೂ ಗೊಂದಲ ಮಾಡಿಕೊಳ್ಳುವವರು ಬಹಳ, ಎರಡೂ ಬಿಲ್ ಮೇಲೆ ಬೇರೆ ಬೇರೆ ಕಡೆ ಇರುತ್ತವೆ. ಮೊಬೈಲ್ ನಂಬರ್ ನಿಮ್ಮದೇ ಹಾಕಿ. ವೆಂಡರ್ ಕಡೆಯ ಹುಡುಗ "ನಾನೇ ಎಲ್ಲ ಮಾಡ್ತೀನಿ" ಅಂತ ತನ್ನ ನಂಬರ್ ಹಾಕಿದರೆ ಮುಂದೆ ಪ್ರತಿ ಓಟಿಪಿಗೂ ಅವನ ಹಿಂದೆ ಓಡಬೇಕು.

2024ರಲ್ಲಿ ಆದ ಕೇಂದ್ರದ ತಿದ್ದುಪಡಿ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಇಲ್ಲ, ಒಪ್ಪಿದಂತೆಯೇ ಲೆಕ್ಕ. ಅದಕ್ಕೆ ತಕ್ಕಂತೆ ಮಂಜೂರಾದ ಲೋಡನ್ನೂ ಎಸ್ಕಾಂ ಏರಿಸಿಕೊಡಬೇಕು. ಏರಿದ ಲೋಡಿಗೆ ಫಿಕ್ಸೆಡ್ ಚಾರ್ಜೂ ಏರುತ್ತದೆ, ಹಂತ 2ರಲ್ಲಿ ನೋಡಿದೆವಲ್ಲ. ನಮ್ಮಲ್ಲಿ 5 ಕಿಲೋವ್ಯಾಟ್‌ವರೆಗೆ ಸಿಂಗಲ್ ಫೇಸ್ ನಡೆಯುತ್ತದೆ, ಮೇಲಕ್ಕೆ ತ್ರೀ ಫೇಸ್ ಬೇಕು.

ನೆಟ್ ಮೀಟರಿಂಗೋ ಗ್ರಾಸ್ ಮೀಟರಿಂಗೋ ಅಂತ ಕೇಳಿದರೆ ನೆಟ್ ಅನ್ನಿ. ಗ್ರಾಸ್‌ನಲ್ಲಿ ನೀವು ಬೆಳೆದ ಅಷ್ಟೂ ಕರೆಂಟು ಆ ಕಮ್ಮಿ ದರಕ್ಕೆ ಹೋಗುತ್ತದೆ, ಬಳಸಿದ ಅಷ್ಟಕ್ಕೂ ಪೂರ್ತಿ ಬಿಲ್ ಬರುತ್ತದೆ. ಮನೆಯವರಿಗೆ ಅದರಿಂದ ಪ್ರಯೋಜನ ಇಲ್ಲ.

ಹಂತ 5: ವೆಂಡರ್ ಆಯ್ಕೆ, ಮಾತಲ್ಲ ಕಾಗದ

ಪೋರ್ಟಲ್‌ನಲ್ಲಿ ನೋಂದಾಯಿತ ವೆಂಡರ್ ಆಗಿರಬೇಕು, ಇಲ್ಲದಿದ್ದರೆ ಸಬ್ಸಿಡಿ ಇಲ್ಲ. ಮೂವರಿಂದ ಕೊಟೇಶನ್ ತೆಗೆದುಕೊಳ್ಳಿ. ಅದರಲ್ಲಿ ಇವು ಬರವಣಿಗೆಯಲ್ಲಿ ಇರಲಿ:

1. ಪ್ಯಾನೆಲ್ ಕಂಪನಿ, ವ್ಯಾಟ್, ಸಂಖ್ಯೆ, ಮತ್ತು ಅದು ಡಿಸಿಆರ್ ಪ್ಯಾನೆಲ್ಲೇ ಅನ್ನುವ ಮಾತು. ಡಿಸಿಆರ್ ಅಂದರೆ ಒಳಗಿನ ಸೆಲ್ ಕೂಡ ಭಾರತದಲ್ಲೇ ಆಗಿರಬೇಕು. ಇಲ್ಲಿ ಬರೀ ಜೋಡಿಸಿದ ಅಗ್ಗದ ಪ್ಯಾನೆಲ್ ಹಾಕಿಸಿಕೊಂಡರೆ ಸಬ್ಸಿಡಿ ಕೈಬಿಟ್ಟಂತೆ.
2. ಇನ್ವರ್ಟರ್ ಮಾಡೆಲ್, ಎಷ್ಟು ವರ್ಷ ವಾರಂಟಿ, ಕೆಟ್ಟರೆ ಯಾರು ಬರುತ್ತಾರೆ.
3. ಮೀಟರ್, ಎಸ್ಕಾಂ ಶುಲ್ಕ, ಕೇಬಲ್, ಅರ್ತಿಂಗ್ ಒಟ್ಟು ದರದಲ್ಲಿ ಸೇರಿದೆಯಾ ಇಲ್ಲವಾ.
4. ಕೊನೆಯ ಕಂತು ಯಾವಾಗ.

ನಾಲ್ಕನೆಯದಕ್ಕೆ ಹಟ ಹಿಡಿಯಿರಿ. ನೆಟ್ ಮೀಟರ್ ಕೂತು ಕಮಿಷನಿಂಗ್ (ಎಸ್ಕಾಂ ಅಧಿಕೃತವಾಗಿ ಚಾಲೂ ಮಾಡುವುದು) ಆಗುವವರೆಗೆ 10ರಿಂದ 20 ಪರ್ಸೆಂಟ್ ಕೈಯಲ್ಲೇ ಇರಲಿ. ಪೂರ್ತಿ ದುಡ್ಡು ಕೊಟ್ಟ ಮರುದಿನದಿಂದ ಫೋನ್ ಎತ್ತದ ವೆಂಡರ್‌ಗಳ ಕಥೆ ಎಲ್ಲ ಊರಿನಲ್ಲೂ ಇದೆ.

ಸಬ್ಸಿಡಿ 1 ಕಿಲೋವ್ಯಾಟ್‌ಗೆ ₹30,000, 2ಕ್ಕೆ ₹60,000, 3 ಮತ್ತು ಮೇಲೆ ಎಷ್ಟೇ ಇದ್ದರೂ ₹78,000. ಇದು ಬರುವುದು ನಿಮ್ಮ ಖಾತೆಗೆ. "ಸಬ್ಸಿಡಿ ಕಳೆದು ಉಳಿದದ್ದು ಕೊಡಿ, ಅದನ್ನು ನಾವು ತಗೊಳ್ತೀವಿ" ಅಂದು ಬ್ಯಾಂಕ್ ವಿವರ, ಸಹಿ ಹಾಕಿದ ಖಾಲಿ ಚೆಕ್ ಕೇಳಿದರೆ ಎದ್ದು ಬನ್ನಿ. 2025ರ ಸೆಪ್ಟೆಂಬರ್ 22ರಿಂದ ಪ್ಯಾನೆಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ, ಹಳೇ ದರದ ಕೊಟೇಶನ್ ತೋರಿಸಿದರೆ ಕೇಳಿ.

ಹಂತ 6: ಅಳವಡಿಸುವ ದಿನ ರಜೆ ಹಾಕಿ ಮನೆಯಲ್ಲಿರಿ

ಪೆಟ್ಟಿಗೆ ಬಿಚ್ಚುವಾಗಲೇ ಪ್ರತಿ ಪ್ಯಾನೆಲ್‌ನ ಸೀರಿಯಲ್ ನಂಬರಿನ ಫೋಟೋ ತೆಗೆಯಿರಿ. ಮೇಲೆ ಕೂರಿಸಿದ ಮೇಲೆ ಬೆನ್ನ ಕಡೆ ಬಗ್ಗಿ ಓದುವುದು ದೊಡ್ಡ ಸರ್ಕಸ್ಸು.

ಅರ್ತಿಂಗ್ ಮೂರು ಗುಂಡಿ ಇರಬೇಕು: ಡಿಸಿ ಕಡೆಗೊಂದು, ಎಸಿ ಕಡೆಗೊಂದು, ಸಿಡಿಲು ತಡೆಗೊಂದು. ದುಡ್ಡು ಉಳಿಸಲು ಮೂರನ್ನೂ ಒಂದೇ ಕಡ್ಡಿಗೆ ಕಟ್ಟಿ ಹೋಗುವವರಿದ್ದಾರೆ. ಆಗ ಸಿಡಿಲು ಬಡಿದರೆ ಅದು ನೇರ ನಿಮ್ಮ ಇನ್ವರ್ಟರ್‌ಗೆ. ಸ್ಟ್ಯಾಂಡ್‌ನ ಕಾಲುಗಳು ಜಿಐ (ಸತು ಲೇಪಿಸಿದ ಕಬ್ಬಿಣ) ಆಗಿರಲಿ, ಬಣ್ಣ ಬಳಿದ ಕಬ್ಬಿಣ ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಹೆಚ್ಚು ದಿನ ತಡೆಯುವುದಿಲ್ಲ. ತಾರಸಿಗೆ ತೂತು ಹೊಡೆದರೆ ಮಳೆಗಾಲದಲ್ಲಿ ಸೋರುತ್ತದೆ, ಕಾಂಕ್ರೀಟ್ ದಿಮ್ಮಿ ಕಟ್ಟಿ ಅದರ ಮೇಲೆ ನಿಲ್ಲಿಸಲು ಹೇಳಿ. ಕೇಬಲ್ ಪೈಪಿನೊಳಗೆ ಹೋಗಲಿ. ಮಂಗ ಇರುವ ಊರಲ್ಲಿ ನೇತಾಡುವ ಕೇಬಲ್ ಅಂದರೆ ಜೋಕಾಲಿ.

ಇನ್ವರ್ಟರ್ ನೆರಳಲ್ಲಿ, ಗಾಳಿ ಆಡುವ ಗೋಡೆಗೆ. ಅಲ್ಲಿ ವೈಫೈ ಸಿಗುತ್ತದಾ ನೋಡಿ, ಇಲ್ಲದಿದ್ದರೆ ಉತ್ಪಾದನೆ ತೋರಿಸುವ ಇನ್ವರ್ಟರ್ ಆಪ್‌ನಲ್ಲಿ ಏನೂ ಕಾಣುವುದಿಲ್ಲ.

ಹಂತ 7: ಮೀಟರ್ ಬದಲಾಗುವವರೆಗೆ ಸ್ವಿಚ್ ಮುಟ್ಟಬೇಡಿ

ಈ ಬರಹದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಈ ತಲೆಬರಹ ನೆನಪಿಡಿ. ಮನೆಯ ಹಳೇ ಎಲೆಕ್ಟ್ರಾನಿಕ್ ಮೀಟರಿಗೆ ಸಾಮಾನ್ಯವಾಗಿ ದಿಕ್ಕು ಗೊತ್ತಾಗುವುದಿಲ್ಲ. ಕರೆಂಟು ಒಳಗೆ ಬಂದರೂ, ಹೊರಗೆ ಹೋದರೂ ಅದು ಮುಂದಕ್ಕೇ ಎಣಿಸುತ್ತದೆ. ಅಂದರೆ ನೀವು ಲೈನಿಗೆ ಬಿಟ್ಟ ಕರೆಂಟಿಗೂ ನಿಮಗೇ ಬಿಲ್!

ನಮ್ಮ ಮನೆಯಲ್ಲಿ ಆಗಿದ್ದೂ ಅದೇ. ಕೂರಿಸಲು ಬಂದವರು "ಒಂದ್ಸಲ ಟೆಸ್ಟ್ ಮಾಡಿ ತೋರಿಸ್ತೀವಿ" ಅಂತ ಆನ್ ಮಾಡಿದರು, ಆಫ್ ಮಾಡದೆ ಹೋದರು. ಆಪ್‌ನಲ್ಲಿ ದಿನಾ 11, 12 ಯೂನಿಟ್ ಕಾಣುವಾಗ ನಾನೂ ಖುಷಿಯಾಗಿದ್ದೆ. ತಿಂಗಳ ಕೊನೆಗೆ ಬಿಲ್ ದುಪ್ಪಟ್ಟು. ಕಟ್ಟಿದೆ, ಬೇರೆ ದಾರಿ ಇರಲಿಲ್ಲ.

ಸರಿಯಾದ ಕ್ರಮ ಹೀಗೆ. ಕೆಲಸ ಮುಗಿದ ವರದಿಯನ್ನು ವೆಂಡರ್ ಫೋಟೋ ಸಮೇತ ಪೋರ್ಟಲ್‌ಗೆ ಹಾಕುತ್ತಾರೆ. ಎಸ್ಕಾಂ ಜೊತೆ ನಿಮ್ಮ ಒಪ್ಪಂದಕ್ಕೆ ಸಹಿ ಆಗುತ್ತದೆ. ಎರಡೂ ದಿಕ್ಕು ಎಣಿಸುವ ಮೀಟರ್ ಪರೀಕ್ಷೆಯಾಗಿ ಬರುತ್ತದೆ. ಎಂಜಿನಿಯರ್ ಬಂದು ನೋಡುತ್ತಾರೆ, ಮೀಟರ್ ಕೂರುತ್ತದೆ, ಸೀಲ್ ಬೀಳುತ್ತದೆ. ಆಮೇಲೆ ಸ್ವಿಚ್ಚು. ಎಸ್ಕಾಂ ಕಡೆಯ ಕಮಿಷನಿಂಗ್‌ಗೆ ಇದ್ದ 30 ದಿನದ ಗಡುವನ್ನು 2024ರಲ್ಲಿ 15 ದಿನಕ್ಕೆ ಇಳಿಸಿದ್ದಾರೆ, ತಡ ಆದರೆ ಅರ್ಜಿ ಸಂಖ್ಯೆ ಹಿಡಿದು ಆ ನಿಯಮವನ್ನೇ ಕೇಳಿ.

ಒಪ್ಪಂದಕ್ಕೆ ಸಹಿ ಹಾಕುವಾಗ ಮೂರು ಜಾಗ ಓದಿ: ಯೂನಿಟ್ಟಿನ ದರ, ಕಿಲೋವ್ಯಾಟ್, ದುಡ್ಡು ಕೊಡುವ ರೀತಿ. ಆ ದರ 25 ವರ್ಷಕ್ಕೆ, ಮುಂದೆ ಕೆಇಆರ್‌ಸಿ ಹೊಸಬರಿಗೆ ದರ ಏರಿಸಲಿ ಇಳಿಸಲಿ, ನಿಮ್ಮದು ನಿಮ್ಮದೇ. ಒಂದು ಪ್ರತಿ ಮನೆಯಲ್ಲಿಡಿ, "ಆಫೀಸಲ್ಲಿ ಇರುತ್ತೆ ಬಿಡಿ" ಅಂದರೆ ಬಿಡಬೇಡಿ.

ಹಂತ 8: ಸಬ್ಸಿಡಿ ಕೇಳಿ

ಕಮಿಷನಿಂಗ್ ಆದ ಮೇಲೆ ಪೋರ್ಟಲ್‌ಗೆ ಮತ್ತೆ ಹೋಗಿ ಬ್ಯಾಂಕ್ ವಿವರ ಹಾಕಿ ಕೋರಿಕೆ ಸಲ್ಲಿಸಬೇಕು. ತಾನಾಗಿ ಬರುತ್ತದೆ ಅಂತ ಕಾದು ಕೂತವರು ಎಷ್ಟೋ ಜನ. ಕೋರಿಕೆಯಿಂದ 30 ದಿನದೊಳಗೆ ಅಂತ ಯೋಜನೆ ಹೇಳುತ್ತದೆ. ಬರದಿದ್ದರೆ ಮೊದಲು ನೋಡಬೇಕಾದ್ದು ಖಾತೆಗೆ ಆಧಾರ್ ಜೋಡಣೆ, ಆಮೇಲೆ ಹೆಸರು.

ಹಂತ 9: ಮೊದಲ ಬಿಲ್ ಓದುವುದು

ನೋಟ್‌ಬುಕ್ ಈಗ ತೆಗೆಯಿರಿ. ಮೀಟರ್ ಕೂತ ದಿನದ ಇಂಪೋರ್ಟ್ (ಲೈನಿಂದ ತೆಗೆದುಕೊಂಡದ್ದು), ಎಕ್ಸ್‌ಪೋರ್ಟ್ (ಲೈನಿಗೆ ಕಳಿಸಿದ್ದು) ಎರಡೂ ಅಂಕಿ ಬರೆದು ಫೋಟೋ ತೆಗೆದಿಡಿ. ಪ್ರತಿ ರೀಡಿಂಗ್ ದಿನವೂ ಹಾಗೇ ಮಾಡಿ. ಮೀಟರ್‌ನ ಗುಂಡಿ ಒತ್ತಿದಂತೆ ಅಂಕಿಗಳು ಒಂದೊಂದಾಗಿ ಬರುತ್ತವೆ, ಯಾವುದು ಯಾವುದು ಅಂತ ಕೂರಿಸಲು ಬಂದವರಿಂದಲೇ ಕೇಳಿ ತಿಳಿದುಕೊಳ್ಳಿ.

ಇಲ್ಲಿ ಬಹಳ ಜನ ಮಾಡುವ ತಪ್ಪು, ಆಪ್‌ನಲ್ಲಿ ಕಾಣುವ 360 ಯೂನಿಟ್ಟನ್ನು ಬಿಲ್‌ನ ಎಕ್ಸ್‌ಪೋರ್ಟ್ 280ರ ಜೊತೆ ಹೋಲಿಸಿ "80 ಯೂನಿಟ್ ನುಂಗಿದ್ದಾರೆ" ಅಂತ ಜಗಳಕ್ಕೆ ಹೋಗುವುದು. ಆ 80 ನಿಮ್ಮ ಮನೆಯೇ ಹಗಲು ತಿಂದದ್ದು, ಮೀಟರಿನ ತನಕ ಅದು ಬರುವುದೇ ಇಲ್ಲ.

ಮೊದಲ ಬಿಲ್‌ನಲ್ಲಿ ಎಕ್ಸ್‌ಪೋರ್ಟ್ ಕಾಲಮ್ಮು ಖಾಲಿ ಇದ್ದರೆ ನಿಮ್ಮ ಖಾತೆ ಇನ್ನೂ ಸೋಲಾರ್ ಬಿಲ್ಲಿಂಗ್‌ಗೆ ಬದಲಾಗಿಲ್ಲ ಅಂತ ಅರ್ಥ. ಮುಂದಿನ ತಿಂಗಳು ಸರಿಹೋಗಬಹುದು ಅಂತ ಬಿಡಬೇಡಿ. ಕಮಿಷನಿಂಗ್ ಕಾಗದ, ಮೀಟರ್ ಫೋಟೋ ಹಿಡಿದು ಅದೇ ವಾರ ಹೋಗಿ, ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.

ವಾಷಿಂಗ್ ಮಷೀನ್ ಹಗಲಲ್ಲೇ ಹಾಕಬೇಕಾ ಅಂತ ಕೇಳುತ್ತಾರೆ. ನೆಟ್ ಮೀಟರಿಂಗ್‌ನಲ್ಲಿ ತಿಂಗಳೊಳಗೆ ಯೂನಿಟ್ಟಿಗೆ ಯೂನಿಟ್ ವಜಾ, ರಾತ್ರಿ ಹಾಕಿದರೂ ಲೆಕ್ಕ ಅದೇ. ನಿಮ್ಮ ಅನುಕೂಲ ನೋಡಿಕೊಳ್ಳಿ.

ಆಮೇಲೆ ಕಣ್ಣಿಡಬೇಕಾದ ಸೂಚನೆಗಳು

ಮಧ್ಯಾಹ್ನ ಒಳ್ಳೆ ಬಿಸಿಲಿದ್ದರೂ ಇನ್ವರ್ಟರ್ ಪದೇ ಪದೇ ನಿಂತು ಶುರುವಾಗುತ್ತಿದ್ದರೆ, ಪರದೆ ಮೇಲೆ ಗ್ರಿಡ್ ಓವರ್ ವೋಲ್ಟೇಜ್ ಅಂತ ಬರುತ್ತಿದ್ದರೆ, ಪ್ಯಾನೆಲ್ ಸರಿಯಾಗಿಯೇ ಇದೆ. ಲೈನಿನ ವೋಲ್ಟೇಜ್ ಏರಿ ಇನ್ವರ್ಟರ್ ಹಿಂದೆ ಸರಿಯುತ್ತಿದೆ. ಒಂದೇ ಟ್ರಾನ್ಸ್‌ಫಾರ್ಮರ್‌ನಲ್ಲಿ ಸುಮಾರು ಮನೆ ಸೋಲಾರ್ ಹಾಕಿದ್ದರೆ, ಅಥವಾ ಇನ್ವರ್ಟರ್‌ನಿಂದ ಮೀಟರ್‌ಗೆ ಎಳೆದ ಕೇಬಲ್ ಸಣ್ಣದಾಗಿದ್ದರೆ ಹೀಗಾಗುತ್ತದೆ. ಮೊದಲು ಕೇಬಲ್ ದಪ್ಪ ನೋಡಿಸಿ, ಆಮೇಲೆ ಟ್ರಾನ್ಸ್‌ಫಾರ್ಮರ್ ಟ್ಯಾಪ್ (ವೋಲ್ಟೇಜ್ ಹೊಂದಿಸುವ ವ್ಯವಸ್ಥೆ) ಇಳಿಸಲು ಎಸ್ಕಾಂಗೆ ಬರೆದುಕೊಡಿ.

ಉತ್ಪಾದನೆ ನಿಧಾನವಾಗಿ ಇಳಿದರೆ ಧೂಳು. ಧಿಡೀರ್ ಅರ್ಧಕ್ಕೆ ಇಳಿದರೆ ಕನೆಕ್ಟರ್ ಸಡಿಲ, ಫ್ಯೂಸ್ ಅಥವಾ ಹೊಸ ನೆರಳು. ಕನೆಕ್ಟರ್ ಹತ್ತಿರ ಸುಟ್ಟ ವಾಸನೆ, ಕಪ್ಪು ಕಲೆ ಕಂಡರೆ ನೀವೇ ಎಳೆಯಲು ಹೋಗಬೇಡಿ. ಬಿಸಿಲಿರುವಾಗ ಡಿಸಿ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ, ಮನೆಯ ಮೇನ್ ಆಫ್ ಮಾಡಿದರೂ.

ಪ್ಯಾನೆಲ್ ತೊಳೆಯುವುದು ಬೆಳಿಗ್ಗೆ ಬಿಸಿಲೇರುವ ಮುಂಚೆ, ಮೆತ್ತಗಿನ ಬಟ್ಟೆಯಲ್ಲಿ. ಕಾದ ಗಾಜಿಗೆ ತಣ್ಣೀರು ಸುರಿದರೆ ಸೀಳಬಹುದು. ಕೋಲಾರ, ಬೆಂಗಳೂರು ಕಡೆಯ ಗಡಸು ಬೋರ್‌ವೆಲ್ ನೀರಾದರೆ ತೊಳೆದ ಕೂಡಲೇ ಒರೆಸಿ, ಇಲ್ಲದಿದ್ದರೆ ಬಿಳಿ ಕಲೆ ಕೂತು ಧೂಳಿಗಿಂತ ದೊಡ್ಡ ಕಾಟ.

ಬಿಲ್ ತಪ್ಪಾಗಿ ಉಪವಿಭಾಗದಲ್ಲಿ ಕೆಲಸ ಆಗದಿದ್ದರೆ ಮೊದಲು 1912ಕ್ಕೆ ದೂರು ಕೊಟ್ಟು ಸಂಖ್ಯೆ ಬರೆದುಕೊಳ್ಳಿ, ಆಮೇಲೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅಲ್ಲೂ ಬಗೆಹರಿಯದಿದ್ದರೆ ವಿದ್ಯುತ್ ಒಂಬುಡ್ಸ್‌ಮನ್. ಅಲ್ಲಿಗೆ ಹೋದಾಗ ಬಾಯಿಮಾತು ನಡೆಯುವುದಿಲ್ಲ, ತಿಂಗಳು ತಿಂಗಳು ಬರೆದಿಟ್ಟ ಇಂಪೋರ್ಟ್, ಎಕ್ಸ್‌ಪೋರ್ಟ್ ಅಂಕಿ ಮತ್ತು ಮೀಟರ್ ಫೋಟೋ ಬೇಕು. ನೋಟ್‌ಬುಕ್ ಇಟ್ಟಿದ್ದು ಅದಕ್ಕೇ.